ರಾಣಿಗೆಂದು ಇಟ್ಟ ಕುರ್ಚಿ

ಆಗ ನನಗೆ ಎಪ್ಪತ್ತೊಂದು. ಏಳು ವರ್ಷದ ಹಿಂದಿನ ಮಾತು. ಮೊಣಕಾಲಿನ ಆಪರೇಷನ್ ಆಗಿತ್ತು. ಇಲ್ಲಿ ವಿಲಾಯತಿಯಲ್ಲಿ, ಹಾರ್ಬೋರ್ನ್‌ನಲ್ಲಿರುವ ಮಗಳ ಮನೆಯ ಕೆಳಗಿನ ಕೋಣೆಯಲ್ಲಿ ನನ್ನ ಮಂಚ. ಆ ಮನೆಯಲ್ಲಿ ಕೆಳಗೆ ಮಲಗುವ ಕೋಣೆ ಅದೊಂದೇ. ಪಕ್ಕದಲ್ಲೇ ಬಚ್ಚಲು, ಕಿಟಕಿಯ ಆಚೆ ಹಿತ್ತಲು. ಮಗಳು ದೊಡ್ಡಾಸ್ಪತ್ರೆಯ ಡಾಕ್ಟರು. ಅವಳ ರೋಟಾ, ಎಂದರೆ ಡ್ಯೂಟಿಯ ಪಾಳಿ, ನೋಡಿಕೊಂಡು ನಾನು ರೊಟ್ಟಿ ಬಡಿಯುತ್ತಿದ್ದೆ. ಸುಖವಾಗಿಯೇ ಇದ್ದೆ.

ನನ್ನ ಬೀಗಿತ್ತಿ, ಎಂದರೆ ಅಳಿಯನ ತಾಯಿ, ಡರ್ಬಿಯಲ್ಲಿ ಕಿರಿಮಗನ ಜೊತೆ ಇದ್ದರು. ಮೈಸೂರಿನ ಕಡೆಯವರು. ಆ ಮಗನಿಗೆ ಬೇರೆ ದೇಶಕ್ಕೆ ವರ್ಗವಾಯಿತು. ಇನ್ನು ಅವರು ಹಿರಿಮಗನ ಮನೆಗೆ ಬರಬೇಕು. ಅವರ ಕಾಲೂ ಸರಿಯಿರಲಿಲ್ಲ, ಮೆಟ್ಟಿಲು ಹತ್ತುವುದು ಕಷ್ಟ. ಹಾಗಾದರೆ ಕೆಳಗಿನ ಕೋಣೆ ಯಾರಿಗೆ? ಎಲ್ಲರಿಗೂ ಇದೇ ಯೋಚನೆ, ಒಬ್ಬರೂ ಬಾಯಿ ಬಿಡಲಿಲ್ಲ. ಮಗಳು ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದಳು.

ನಾನೂ ಕೇಳಲಿಲ್ಲ. ಮಗಳ ಮನೆಯಲ್ಲಿ ತಾಯಿ ಎಷ್ಟು ವರ್ಷ ಇದ್ದರೂ ನೆಂಟಳೇ. ಗಂಡಿನ ತಾಯಿ ಬಂದರೆ ಎದ್ದು ಜಾಗ ಬಿಡಬೇಕು. ನಮ್ಮಲ್ಲಿ ಹಾಗೆ. ನನ್ನ ಮಗನ ಮನೆ ಲೀಡ್ಸಿನ ಹೆಡಿಂಗ್ಲೀಯಲ್ಲಿ. ಬಾಗಿಲು ತೆಗೆದರೆ ಎದುರಿಗೇ ಕಡಿದಾದ ಮೆಟ್ಟಿಲು, ಮಲಗುವುದೆಲ್ಲ ಮೇಲೆ. ಅಲ್ಲಿಗೆ ಹೋದರೆ ಹತ್ತಿದವಳು ಮತ್ತೆ ಇಳಿಯುವ ಹಾಗಿಲ್ಲ.

ಒಂದು ಭಾನುವಾರ ಅಳಿಯ, "ಅತ್ತೆ, ಡರ್ಬಿ ಹತ್ರ ಒಂದು ಹಳೇ ಮನೆ ಇದೆ, ರಾಣಿಗೆ ಅಂತ ಕಟ್ಟಿದ್ದು. ಅಮ್ಮನ್ನೂ ಕರ್ಕೊಂಡು ನೋಡ್ಕೊಂಡು ಬರೋಣ" ಎಂದ. ಮನೆ ತೋರಿಸಿ ಮಾತು ತೆಗೆಯುತ್ತಾರೆ ಎಂದುಕೊಂಡೆ. ಚಪ್ಪಲಿ ಬಿಟ್ಟು ಶೂ ಹಾಕಿಕೊಂಡೆ. ಡರ್ಬಿಯಲ್ಲಿ ಬೀಗಿತ್ತಿಯನ್ನು ಕಾರಿಗೆ ಹತ್ತಿಸಿಕೊಂಡೆವು.

ಹಳೆಯ ಕಾಲದಲ್ಲಿ ಇಲ್ಲಿಯ ರಾಣಿ ಬೇಸಿಗೆ ಬಂತೆಂದರೆ ಅರಮನೆ ಬಿಟ್ಟು ಸವಾರಿ ಹೊರಡುತ್ತಿದ್ದಳಂತೆ. ಹಿಂದೆ ಸಾಲು ಗಾಡಿಗಳು. ಹಾಸಿಗೆ, ಪಾತ್ರೆ, ಪೆಟ್ಟಿಗೆ ಎಲ್ಲ ತನ್ನವೇ. ಒಬ್ಬೊಬ್ಬ ದೊಡ್ಡವನ ಮನೆಯಲ್ಲಿ ಇಳಿದುಕೊಂಡು, ಅವನ ಉಗ್ರಾಣ ಬರಿದು ಮಾಡಿ ಮುಂದಿನ ಊರಿಗೆ. ಅಲ್ಲಿರುವಷ್ಟು ದಿನ ಮನೆಯವರು ತಮ್ಮ ಕೋಣೆ ಬಿಟ್ಟು ಅಟ್ಟ ಸೇರಬೇಕು. ಆ ಹಳೆಯ ಮನೆಯ ಅಂಗಳದಲ್ಲಿ ನಿಂತು ಅಳಿಯ ಇಷ್ಟು ಹೇಳುವಷ್ಟರಲ್ಲಿ ಮಗಳು ಅವನ ತೋಳು ಚಿವುಟಿದಳು.

"ಅಂದ್ರ ಬೀಗರ ಸವಾರಿ ಅನ್ನಪಾ" ಎಂದೆ.

ಬೀಗಿತ್ತಿ ನಕ್ಕುಬಿಟ್ಟರು. "ನಾನೇನು ಗಾಡಿಗಟ್ಟಲೆ ತರೋಲ್ಲ ಬೀಗ್ರೇ. ಎರಡು ಸೂಟ್‌ಕೇಸು, ಒಂದು ಒರಳುಕಲ್ಲು, ಅಷ್ಟೇ."

"ಕಲ್ಲು ಯಾಕ್ರಿ? ಮನ್ಯಾಗ ಮಿಕ್ಸಿ ಐತಲ್ಲ."

"ಮಿಕ್ಸಿ ಚಟ್ನಿಗೆ ನಂಗೆ ತೇಗೇ ಬರೋಲ್ಲ."

ನನಗೆ ತವರುಮನೆ ನೆನಪಾಯಿತು. ಅಕ್ಕನ ಗಂಡನ ಮನೆಯ ಬೀಗರು ಬರುತ್ತಾರೆಂದು ಸುದ್ದಿ ಬಂದರೆ ಅವ್ವ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು, ಅಪ್ಪ ಗೌಡರ ಮನೆಯಿಂದ ಮಂಚ ಕೇಳಿ ಹೊತ್ತು ತರುತ್ತಿದ್ದ. ನಾವೆಲ್ಲ ದನದ ಕೊಟ್ಟಿಗೆಯಲ್ಲಿ. ಒಂದು ಸಲ ಹೋಳಿಗೆ ಮಾಡಿಟ್ಟು ಕಾದರೂ ಬೀಗರು ಬರಲೇ ಇಲ್ಲ. ಹೊತ್ತು ಮುಳುಗುವ ತನಕ ಅವ್ವ ಆ ಮಂಚದ ಮೇಲೆ ಯಾರನ್ನೂ ಕೂಡಲು ಬಿಡಲಿಲ್ಲ. ಆಮೇಲೆ ಅಪ್ಪ ಮಂಚ ಹೊತ್ತು ವಾಪಸು ಕೊಟ್ಟು ಬಂದ. ಹೋಳಿಗೆ ನಾವು ತಿಂದೆವು.

ರಾಣಿಯ ಕೋಣೆ ಮೇಲಿತ್ತು. ಕಲ್ಲಿನ ಅಗಲವಾದ ಮೆಟ್ಟಿಲು. ನೀವಿಬ್ಬರೂ ಕೆಳಗೇ ಕೂತಿರಿ ಎಂದು ಮಗಳು ಹೇಳಿದಳು. ಬೀಗಿತ್ತಿ ಕೇಳಲಿಲ್ಲ. "ಇಷ್ಟು ದೂರ ಬಂದು ಕಾಫಿ ಕುಡ್ಕೊಂಡು ಹೋಗಕ್ಕಾ?" ಎಂದು ಕಂಬಿ ಹಿಡಿದರು. ಅವರ ಹಿಂದೆ ನಾನು. ನನ್ನ ಕಾಲು ರಿಪೇರಿಯಾದದ್ದು, ನಿಧಾನವಾಗಿ ಏರುತ್ತಿತ್ತು. ಅವರು ಒಂದು ಕಾಲು ಇಟ್ಟು, ಇನ್ನೊಂದನ್ನು ಕೈಯಿಂದಲೇ ಎತ್ತಿ ಇಡುತ್ತಿದ್ದರು. ಅಷ್ಟು ಕೆಟ್ಟಿದೆಯೆಂದು ಅವರ ಮಗನಿಗೂ ಗೊತ್ತಿರಲಿಲ್ಲ. ಮೇಲೆ ತಲುಪುವಾಗ ಅವರ ಮುಖ ಬಿಳಿಚಿಕೊಂಡಿತ್ತು.

ದೊಡ್ಡ ಕೋಣೆ. ಪರದೆ ಕಟ್ಟಿದ ಮಂಚ, ಅದರ ಪಕ್ಕ ಕೆತ್ತನೆಯ ಕುರ್ಚಿ. ಕುರ್ಚಿಯ ಮೇಲೆ ಮುಳ್ಳುಮುಳ್ಳಾದ ಒಂದು ಒಣ ಹೂವು. ನಮ್ಮ ಊರಿನ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದಿಲ್ಲವೆ, ಹಾಗೆ ಯಾರೋ ಜಾಗ ಹಿಡಿದಿದ್ದಾರೆ ಎಂದುಕೊಂಡೆ. ಟವೆಲ್ ಹಾಕಿದವರು ಬರುವ ತನಕ ನಿಂತವರು ಕೂಡಬಹುದು, ಅದು ಬಸ್ಸಿನ ನ್ಯಾಯ. ಹೂವು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು, "ಕೂಡ್ರಿ ಬೀಗ್ರ" ಎಂದು ಅವರನ್ನು ಕೂಡಿಸಿದೆ.

ಮೂಲೆಯಲ್ಲಿ ಕಾವಲಿಗೆ ನಿಂತಿದ್ದ ಬಿಳಿ ಮುದುಕಿ ಓಡಿ ಬಂದಳು. ನನ್ನ ಮಗಳು ಕೆಂಪಗಾದಳು. "ಅವ್ವಾ! ಯಾರೂ ಕೂಡಬಾರದು ಅಂತ ಮುಳ್ಳು ಇಡ್ತಾರ ಇವರು. ಅದು ರಾಣಿ ಕುರ್ಚಿ!"

"ಹಂಗಂತ ಬಾಯಿಲೆ ಹೇಳಬೇಕು, ಮುಳ್ಳಿಟ್ರ ಯಾರಿಗೆ ತಿಳಿತೈತಿ? ಆ ರಾಣಿ ಯಾವಾಗ ಕೂತಿದ್ಲು ಕೇಳು."

ಮಗಳು ಕೇಳಿದಳು. ಮುದುಕಿ ಇಲ್ಲವೆಂದು ತಲೆಯಾಡಿಸಿದಳು. ಕೋಣೆ ಕಟ್ಟಿದರು, ಮಂಚ ಮಾಡಿಸಿದರು, ರಾಣಿ ಈ ಕಡೆ ಬರಲೇ ಇಲ್ಲವಂತೆ. ಬೇರೆ ದಾರಿ ಹಿಡಿದಳಂತೆ.

"ಬರದಾಕಿ ಸಲುವಾಗಿ ಕುರ್ಚಿ, ಬಂದಾಕಿಗೆ ಇಲ್ಲಂದ್ರ?" ಎಂದೆ.

ಮುದುಕಿಗೆ ನನ್ನ ಮಾತು ಹೇಗೆ ತಿಳಿಯಬೇಕು? ಆದರೆ ಬೀಗಿತ್ತಿಯ ಮುಖ ನೋಡಿದಳು. ಒಂದು ಮಡಚುವ ಕುರ್ಚಿ ತಂದು ಬಿಡಿಸಿ, ತಾನೇ ಕೈಹಿಡಿದು ಅದರಲ್ಲಿ ಕೂಡಿಸಿದಳು. ಅಳಿಯ ನೀರು ತರಲು ಇಳಿದ. ಮಗಳು ಅವರ ನಾಡಿ ಹಿಡಿದು ನಿಂತಳು.

ಉಸಿರು ಹತೋಟಿಗೆ ಬಂದ ಮೇಲೆ ಬೀಗಿತ್ತಿ ನನ್ನ ಕಡೆ ತಿರುಗಿದರು. "ನಿಮ್ಮ ರೂಮು ನಾನು ತಗೊಳ್ಳೋಲ್ಲ ಬೀಗ್ರೇ. ನಂಗೋಸ್ಕರ ನೀವು ಲೀಡ್ಸ್‌ಗೆ ಹೋಗೋದು ಬೇಡ. ಮೇಲೇ ಮಲಗ್ತೀನಿ. ಹತ್ತಬಹುದು ಅಂತ ತೋರ್ಸೋಕೇ ಹತ್ತಿದ್ದು."

ಎಲ್ಲರೂ ಬಾಯಲ್ಲಿಟ್ಟುಕೊಂಡು ನುಂಗುತ್ತಿದ್ದ ಮಾತು. ಅವರೊಬ್ಬರೇ ಉಗುಳಿದರು.

"ಭಾಳ ಚಂದ ತೋರಿಸಿದ್ರಿ" ಎಂದೆ. "ಈಗ ಇಳದು ತೋರಿಸ್ರಿ."

ಇಳಿಯಲು ಬಹಳ ಹೊತ್ತು ಹಿಡಿಯಿತು. ಅವರನ್ನು ಡರ್ಬಿಯಲ್ಲಿ ಬಿಟ್ಟು ಬಂದೆವು. ಕಾರಿನಲ್ಲಿ ಮಗಳು ಅತ್ತಳು, ನಾನು ಕಿಟಕಿಯ ಹೊರಗೆ ಕುರಿ ನೋಡುತ್ತಾ ಕೂತೆ.

ಆಮೇಲಿನ ವರ್ಷಗಳಲ್ಲಿ ನಾನೂ ಬೀಗಿತ್ತಿಯೂ ಅಂಥ ಎಷ್ಟೋ ಮನೆ ನೋಡಿದೆವು. ರಾಜ ಮಲಗಿದ ಮನೆ, ರಾಣಿ ಬೇಟೆಗೆ ಇಳಿದ ಮನೆ. ಹೋದಲ್ಲೆಲ್ಲ ಬೀಗಿತ್ತಿ ಮೊದಲು ಕುರ್ಚಿ ಹುಡುಕುವರು, "ಮುಳ್ಳಿದೆಯಾ ನೋಡಿ ಬೀಗ್ರೇ" ಎನ್ನುವರು. ಬುತ್ತಿ ಬಿಚ್ಚಿದರೆ, ನೀವು ಮೊದಲು, ನೀವು ಮೊದಲು ಎಂದು ಇಬ್ಬರೂ ಕೂತು ಬಿಸಿಬೇಳೆಬಾತ್ ತಣ್ಣಗೆ ಮಾಡುತ್ತಿದ್ದೆವು. ಹೋದ ವರ್ಷ ಅವರು ತೀರಿಕೊಂಡರು. ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದರು, ಅದಕ್ಕೆ ಬೈಯುತ್ತಿದ್ದೆ. ಈಗ ಕೋಣೆ ಸುಮ್ಮನಿರುತ್ತದೆ, ನನಗೆ ನಿದ್ದೆ ಸರಿಯಾಗಿ ಬರುವುದಿಲ್ಲ. ಹಳೆಯ ಮನೆಗಳಿಗೆ ಹೋಗುವುದನ್ನೂ ಬಿಟ್ಟಿದ್ದೇನೆ.

ಆ ಭಾನುವಾರದ ಮರುದಿನ ಬೆಳಿಗ್ಗೆ, ಮಗಳು ಡ್ಯೂಟಿಗೆ ಹೋದ ಮೇಲೆ, ಸೊಂಟ ಕೊಟ್ಟು ನನ್ನ ಮಂಚವನ್ನು ಗೋಡೆಯವರೆಗೆ ನೂಕಿದೆ. ಕಿಟಕಿಯ ಕಡೆಗೆ ಇನ್ನೊಂದು ಮಂಚದಷ್ಟು ಜಾಗವಾಯಿತು. ಕಸ ಗುಡಿಸಿ, ಅಲ್ಲಿ ಒಂದು ಕುರ್ಚಿ ಇಟ್ಟು, ಅದರ ಮೇಲೆ ನನ್ನ ಟವೆಲ್ ಹಾಕಿದೆ. ಆಮೇಲೆ ಡರ್ಬಿಗೆ ಫೋನ್ ಮಾಡಿ, ಬರುವಾಗ ಒರಳುಕಲ್ಲು ಮರೆಯಬೇಡಿರೆಂದು ಹೇಳಿದೆ.