ಡಿಫೆಂಡರನ ಎಡ ಮಂಡಿ

ನಿನ್ನ ಬಾಯಿಗೆ ಬೀಗವಿಲ್ಲ ಎಂದು ಮೈಸೂರಿನಲ್ಲಿ ಅಮ್ಮ ಬೈಯುತ್ತಿದ್ದಳು. ಸಿಂಗಪುರದಲ್ಲಿ ಎಂಆರ್‌ಐ ಸ್ಕ್ಯಾನ್ ಮಾಡುವ ಕೆಲಸಕ್ಕೆ ಸೇರಿದಾಗ ಮೊದಲು ಹಾಕಿಸಿದ್ದೇ ಆ ಬೀಗ. ಚಿತ್ರ ತೆಗೆಯುವುದಷ್ಟೇ ನಮ್ಮ ಕೆಲಸ, ಅದರಲ್ಲಿ ಏನಿದೆ ಎಂದು ಹೇಳುವವರು ಡಾಕ್ಟರು. ರೋಗಿ ಕೇಳಿದರೆ "ರಿಪೋರ್ಟ್ ಬರುತ್ತೆ" ಎನ್ನಬೇಕು, ಅಷ್ಟೇ.

ಮಗಳಿಗೆ ಆಗ ಹತ್ತು ವರ್ಷ. ಒಂದು ಗುರುವಾರ, ಇಲ್ಲಿನ ಲೀಗಿನಲ್ಲಿ ಆಡುತ್ತಿದ್ದ ಸರ್ಬಿಯಾದ ಫುಟ್‌ಬಾಲ್ ಆಟಗಾರನೊಬ್ಬ ಕುಂಟುತ್ತಾ ಬಂದ. ಡಿಫೆಂಡರ್. ಬಾಗಿಲು ತುಂಬುವಂಥ ಆಳು, ವಯಸ್ಸು ಮೂವತ್ತನಾಲ್ಕು. ಆರು ದೇಶಗಳಲ್ಲಿ ಆಡಿದ್ದನಂತೆ, ಎಲ್ಲ ಕಡೆಯೂ ಒಂದೊಂದೇ ವರ್ಷದ ಕರಾರು. ಶನಿವಾರ ಸೀಸನ್ನಿನ ಕೊನೆಯ ಮ್ಯಾಚು. ಅದರಲ್ಲಿ ಚೆನ್ನಾಗಿ ಆಡಿದರೆ ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಊರಿಗೆ. ಅದಕ್ಕೇ ಕ್ಲಬ್ಬಿಗೆ ತಿಳಿಸದೆ ಹೊರಗಿನ ಡಾಕ್ಟರ ಚೀಟಿ ಹಿಡಿದು ಬಂದಿದ್ದ. ರಿಪೋರ್ಟ್ ಸೋಮವಾರಕ್ಕೆ.

ಸ್ಕ್ಯಾನ್ ಮುಗಿದ ಮೇಲೆ "ಹೇಗಿದೆ?" ಎಂದ. ಅಷ್ಟು ದೊಡ್ಡ ಮನುಷ್ಯನ ದನಿ ಸಣ್ಣಗಾಗಿತ್ತು. ಎಡ ಮಂಡಿಯೊಳಗಿನ ಲಿಗಮೆಂಟು ಅರ್ಧ ಹರಿದಿದ್ದು ಆಗಲೇ ನನ್ನ ಕಣ್ಣಿಗೆ ಬಿದ್ದಿತ್ತು.

"ಏನೂ ಆಗಲ್ಲ, ಹೆದರ್ಕೋಬೇಡಿ" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ನಮ್ಮ ಕಡೆ ಆಪರೇಷನ್ ಥಿಯೇಟರಿಗೆ ಹೋಗುವವರಿಗೂ ಇದನ್ನೇ ಹೇಳುತ್ತೇವೆ. ಕೇಳಿದವರಿಗೆ ಸ್ವಲ್ಪ ಧೈರ್ಯ ಬರುತ್ತದೆ, ಅದನ್ನು ಯಾರೂ ರಿಪೋರ್ಟ್ ಎಂದುಕೊಳ್ಳುವುದಿಲ್ಲ. ಅವನು ಎಂದುಕೊಂಡ. ಮುಖ ಅರಳಿತು. ಬ್ಯಾಗಿನಿಂದ ಎರಡು ಟಿಕೆಟ್ ತೆಗೆದು ಮ್ಯಾಚಿಗೆ ಬನ್ನಿ ಎಂದ. ರಿಪೋರ್ಟ್ ಬರುವ ತನಕ ಆಡಬೇಡಪ್ಪ ಎಂದು ಆಗಲಾದರೂ ಹೇಳಬಹುದಿತ್ತು. ಥ್ಯಾಂಕ್ಯೂ ಎಂದು ಟಿಕೆಟ್ ಇಸಿದುಕೊಂಡೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಸೆಂಗ್‌ಕಾಂಗಿನ ಮನೆಗೆ ಬಂದು ಮಗಳ ಮುಂದೆ ಎಲ್ಲ ಒದರಿದೆ. ಶನಿವಾರ ಸಂಜೆ ಇಬ್ಬರೂ ಹೋದೆವು. ಅವನು ಆಡದಿರಲಿ, ಬೇರೆ ಯಾರಾದರೂ ತಡೆದಿರಲಿ ಎಂದು ದಾರಿಯುದ್ದಕ್ಕೂ ದೇವರಿಗೆ ಹೇಳಿಕೊಂಡೆ. ಆಡಿದ. ಅರ್ಧ ಗಂಟೆ ಚೆನ್ನಾಗಿಯೇ ಆಡಿದ. ಆಮೇಲೆ ಎದುರಾಳಿಯೊಬ್ಬನನ್ನು ತಡೆಯಲು ಓಡಿದವನು ಗಕ್ಕನೆ ತಿರುಗಿ ಬಿದ್ದ. ಯಾರೂ ತಾಗಿರಲಿಲ್ಲ. ಮಂಡಿ ಹಿಡಿದುಕೊಂಡು ಒಂದು ಕೈಯಲ್ಲಿ ನೆಲ ಗುದ್ದುತ್ತಿದ್ದ.

"ಅಮ್ಮಾ, ಆ ಅಂಕಲ್‌ಗೆ ನೀನೇ ಓಕೆ ಲಾ ಅಂದಿದ್ದೆ ಅಲ್ವಾ?" ಎಂದಳು ಮಗಳು, ಸಿಂಗಪುರದವರ ಧಾಟಿಯಲ್ಲಿ.

"ಸುಮ್ನೆ ಕೂತ್ಕೊ" ಎಂದು ಅವಳ ಮೇಲೆ ರೇಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವಳಿಗೆ ಉಪದೇಶ ಮಾಡುತ್ತಿದ್ದವಳೂ ನಾನೇ.

ಮುಂದಿನ ವಾರ ಊರುಗೋಲು ಊರಿಕೊಂಡು ಮತ್ತೆ ಬಂದ. ಈ ಸಲ ಕ್ಲಬ್ಬೇ ಕಳಿಸಿತ್ತು. ಬೈದರೆ ಬೈಸಿಕೊಳ್ಳೋಣ ಎಂದು ನಾನೇ ಒಳಗೆ ಕರೆದೆ. ಅವನು ಬೈಯಲಿಲ್ಲ. ಸ್ಕ್ಯಾನ್ ಮುಗಿದ ಮೇಲೆ ಎಡಗಾಲಿನ ಶೂ ಹಾಕಿಕೊಳ್ಳಲು ಬಗ್ಗಲಾಗದೆ ಕೂತಿದ್ದ. ನಾನು ನೆಲದ ಮೇಲೆ ಕೂತು ಲೇಸು ಕಟ್ಟತೊಡಗಿದೆ.

"ಸೋಮವಾರ ರಿಪೋರ್ಟ್ ಓದಿದೆ. ಅವತ್ತೇ ಹರಿದಿತ್ತಂತೆ" ಎಂದ. "ನೀವು ಬೇಜಾರು ಮಾಡ್ಕೋಬೇಡಿ. ಫೋಟೋ ತೆಗೆಯೋರಿಗೆ ಅದೆಲ್ಲ ಹೇಗೆ ಗೊತ್ತಾಗುತ್ತೆ?"

ಗೊತ್ತಿತ್ತು ಎಂಬ ಮಾತು ಗಂಟಲ ತನಕ ಬಂತು. ಲೇಸಿನ ಗಂಟು ಬಿಗಿದು, ತಲೆ ಎತ್ತದೆ, "ಹೌದು, ನಮಗೆ ಗೊತ್ತಾಗಲ್ಲ" ಎಂದೆ.