ಟಾಪ್ ಬಲ್ಬು

ಸಂಜೆ ಏಳೂವರೆಗೆ ಸರಿಯಾಗಿ, ಕಂಪ್ಲಿಯ ಕೊನೆಯ ಮನೆ ದಾಟಿದ ಕೂಡಲೇ, ನಮ್ಮ ಮೋಟರ್‌ಸೈಕಲ್ಲಿನ ದೀಪ ರಸ್ತೆ ಬಿಟ್ಟು ಬೇವಿನ ಮರ ಹತ್ತಿತು. ಎಪ್ಪತ್ತರ ದಶಕದ ಒಂದು ಆಷಾಢ. ಎಡಕ್ಕೆ ತುಂಬಿದ ಕಾಲುವೆ, ಬಲಕ್ಕೆ ಆಗಷ್ಟೇ ನಾಟಿ ಮುಗಿದ ಗದ್ದೆ. ನಾಗರ ಪಂಚಮಿಗೆ ತವರಿಗೆ ಬಾ ಎಂದು ಅಕ್ಕನನ್ನು ಕರೆಯಲು ಹೊಸಪೇಟೆಯಿಂದ ಹೋಗಿದ್ದೆ. ಬಸ್ಸು ತಪ್ಪಿದ್ದರಿಂದ ಭಾವನೇ ಬಿಡಲು ಹೊರಟಿದ್ದರು. ತಮ್ಮನನ್ನು ಬರಿಗೈಲಿ ಕಳಿಸಬಾರದೆಂದು ಅಕ್ಕ ಹೇರಿದ ಬೆಲ್ಲದ ಪೆಂಟೆ ನನ್ನ ತೊಡೆಯ ಮೇಲಿತ್ತು.

"ಭಾವಾ, ದೀಪ ಮ್ಯಾಲ ಹೋಗೈತಲ್ರೀ!"

"ನೀ ಕುಂತಿದ್ದಕ್ಕ ಹೋಗೈತಲೇ. ನಾ ಒಬ್ನ ಇದ್ರ ಸರಿ ಇರ್ತದ."

ಹಿಂದಿನ ದಿನ ಬಲ್ಬನ್ನು ತಾವೇ ಬದಲಿಸಿದ್ದರಂತೆ. ದೀಪ ಆಕಾಶ ನೋಡಿತು. ಮತ್ತೆ ಬಿಚ್ಚುವ ಬದಲು ಹಿಂಗಾಲಿಯ ಸ್ಪ್ರಿಂಗನ್ನು ಕೊನೆಯ ಹಲ್ಲಿನವರೆಗೆ ಬಿಗಿದು, ಗಾಡಿಯ ಹಿಂಭಾಗವನ್ನೇ ಎತ್ತರಿಸಿ, ದೀಪವನ್ನು ನೆಲಕ್ಕೆ ತಂದಿದ್ದರು. ಈಗ ನಾನೂ ಬೆಲ್ಲವೂ ಸೇರಿ ಆ ಎತ್ತರವನ್ನು ತಗ್ಗಿಸಿದ್ದೆವು. ಬಿಗಿ ಸ್ಪ್ರಿಂಗು ಪ್ರತಿ ಗುಂಡಿಗೂ ಹೋತದ ಹಾಗೆ ಜಿಗಿಯುತ್ತಿತ್ತು. ಆಗ ಮುಂಭಾಗ ಬಾಗಿ ದೀಪ ಒಂದು ಕ್ಷಣ ರಸ್ತೆ ಮುಟ್ಟುತ್ತಿತ್ತು. ಅಂದರೆ ಗಾಡಿ ನೆಲ ಬಿಟ್ಟಾಗ ಮಾತ್ರ ನಮಗೆ ನೆಲ ಕಾಣುತ್ತಿತ್ತು.

"ಎದ್ದು ನಿಂದ್ರು, ದೀಪ ಇಳೀತದ!" ಎಂದರು ಭಾವ.

ನಿಂತರೂ ತೂಕ ಗಾಡಿಯ ಮೇಲೇ ಇರುತ್ತದೆಂದು ಬಿ.ಎಸ್ಸಿ.ಯಲ್ಲಿ ಓದಿದ್ದೆ. ಆದರೂ ಬೆಲ್ಲ ಅವುಚಿಕೊಂಡು ನಿಂತೆ. ಅಷ್ಟರಲ್ಲಿ ಒಂದು ಗುಂಡಿ. ದೀಪ ಕೆಳಗಿಳಿದು, ತೀರ ಎದುರಿಗೇ ಒಂದು ಎತ್ತಿನ ಬಂಡಿಯ ಬೆನ್ನು ತೋರಿಸಿ, ಮತ್ತೆ ಮರಕ್ಕೆ ಹೋಯಿತು. ಭಾವ ಬಲಕ್ಕೆ ಹೊರಳಿಸಿದರು. ಎಡಕ್ಕೆ ಹೊರಳಿಸಿದ್ದರೆ ಎಂಬುದನ್ನು ಇಂದಿಗೂ ಪೂರ್ತಿ ಯೋಚಿಸಲು ನನಗಾಗುವುದಿಲ್ಲ.

ಗದ್ದೆಯ ಕೆಸರಿನಲ್ಲಿ ಕೂತಿದ್ದಾಗ ಬಂಡಿಯವನು ಕೂಗಿದ: "ಏನ್ರೀ ಸಾಹೇಬ್ರ, ಗಿಡದಾಗ ಏನ್ ಹುಡುಕ್ಕೋತ ಬಂದ್ರಿ? ದಾರಿ ಕೆಳಗೈತ್ರೀ!"

"ಬೆಲ್ಲ ನೆಂದ್ತೇನಲೇ?" ಎಂದರು ಭಾವ. ಆಮೇಲೆ, ಸಮಾಧಾನಕ್ಕೆಂಬಂತೆ, "ಪಂಚಮಿಗೆ ನಿಮ್ಮಕ್ಕನ್ನ ಇದ್ರ ಮ್ಯಾಲ ಕರ್ಕೊಂಡ್ ಬರ್ತೀನಿ. ಆಕಿ ಹಗುರ, ಏನೂ ಆಗಲ್ಲ."

ಹೊಸಪೇಟೆಗೆ ಮರಳಿದ ಮೇಲೂ ನನ್ನ ನಿದ್ದೆ ಕೆಡಿಸಿದ್ದು ಆ ಮಾತು. ಕಣ್ಣು ಮುಚ್ಚಿದರೆ ಬಂಡಿಯ ಬೆನ್ನು. ಹಿಂದಿನ ಸೀಟಿನಲ್ಲಿ ನಾನಲ್ಲ, ಅಕ್ಕ. ಧಡಕ್ಕನೆ ಹಾಸಿಗೆಯ ಮೇಲೆ ಎದ್ದು ನಿಲ್ಲುತ್ತಿದ್ದೆ. "ಯಾವ ಊರು ಬಂತೋ ಇಳ್ಯಾಕ?" ಎಂದು ಅಮ್ಮ ಮಲಗಿದಲ್ಲಿಂದಲೇ ಕೇಳುತ್ತಿದ್ದಳು.

ಕೊನೆಗೆ ಸ್ಕ್ರೂಡ್ರೈವರ್ ಹಿಡಿದು ಬಸ್ಸು ಹತ್ತಿ ಕಂಪ್ಲಿಗೆ ಹೋದೆ. ದೀಪದ ಬುರುಡೆ ಬಿಚ್ಚಿದರೆ, ಬಲ್ಬಿನ ಕೊರಳಪಟ್ಟಿಯ ಮೇಲೆ ಈ ಬದಿ ಮೇಲಿರಲಿ ಎಂದು ಇಂಗ್ಲಿಷಿನಲ್ಲಿ ಟಾಪ್ ಎಂದು ಒತ್ತಿದ್ದ ಅಕ್ಷರ ತಲೆಕೆಳಗಾಗಿ ನೆಲ ನೋಡುತ್ತಿತ್ತು.

"ಭಾವಾ, ಟಾಪ್ ಅಂತ ಬರದೈತಲ್ರೀ!"

"ಹೌದು ಮತ್ತ! ಅಂಗಡ್ಯಾವ್ಗ ಟಾಪ್ ಮಾಲ ಕೊಡು ಅಂದಿದ್ದೆ."

ಬಲ್ಬನ್ನು ತಿರುಗಿಸಿ ಕೂರಿಸಿದೆ. ಸ್ಪ್ರಿಂಗನ್ನು ನಡುವಿನ ಹಲ್ಲಿಗೆ ಸಡಿಲಿಸಿದೆ. ಮಬ್ಬಾಗುತ್ತಲೇ ಗಾಡಿಯನ್ನು ದನದ ಕೊಟ್ಟಿಗೆಯ ಗೋಡೆಗೆ ಎದುರಾಗಿ ನಿಲ್ಲಿಸಿ, ಭಾವನ ಹಿಂದೆ ಅಕ್ಕನನ್ನು ಇನ್ನೊಂದು ಬೆಲ್ಲದ ಪೆಂಟೆ ಸಮೇತ ಕೂರಿಸಿ, ಬೆಳಕು ಎಲ್ಲಿ ಬೀಳುತ್ತದೆಂದು ನೋಡುತ್ತ ದೀಪ ಬಗ್ಗಿಸಿದೆ.

"ಗ್ವಾಡಿ ನೋಡ್ಕೋತ ಎಷ್ಟೊತ್ತು ಕುಂದ್ರಲೋ?" ಎಂದಳು ಅಕ್ಕ.

ಪಂಚಮಿಯ ಹಿಂದಿನ ಸಂಜೆ ನಮ್ಮ ಓಣಿಗೆ ಒಂದು ದೀಪ ನೆಲ ಸವರುತ್ತ ಬಂತು. ಅಕ್ಕ ಇಳಿದು ಸೀರೆ ಕೊಡವಿಕೊಂಡು, "ದಾರಿ ಪೂರಾ ಕಾಣ್ತು. ಒಂದು ಗಿಡಾನೂ ಕಾಣ್ಲಿಲ್ಲ," ಎಂದು ದೂರಿದಳು.

ಮರುದಿನ ಹಾಲಿನವನು ಬಾಗಿಲು ಬಡಿದಾಗಲೇ ನನಗೆ ಎಚ್ಚರವಾದದ್ದು.

"ರಾತ್ರಿ ಎಲ್ಲೂ ಇಳೀಲೇ ಇಲ್ಲಲ್ಲೋ," ಎಂದಳು ಅಮ್ಮ.