ಸಹಿ ಬೀಳದ ರಸ್ತೆ

ನಮ್ಮ ಪುರಸಭೆಯಲ್ಲಿ ಕಡತಗಳೆಲ್ಲ ಕಂಪ್ಯೂಟರಿಗೆ ಬಂದ ಮೇಲೆ ಕರಡುಗಳ ಹೊಣೆ ಗುಮಾಸ್ತೆ ಝುವೈನಾಳ ಪಾಲಿಗೆ ಬಂತು. ಎಂಜಿನಿಯರುಗಳು ಇನ್ನೂ ತಿದ್ದುತ್ತಿರುವ ಪತ್ರ, ನಕ್ಷೆಗಳನ್ನು ಸಹಿ ಬೀಳುವವರೆಗೆ ಬೇರೆಯಾಗಿ ಇಡಬೇಕು. ಯಾರು ನೋಡಬಹುದು, ಯಾರು ತಿದ್ದಬಹುದು ಎಂದು ಅವಳೇ ಗುರುತು ಹಾಕಬೇಕು. ಮೊದಲೇ ಅವಳದು ಅಂಜುಬುರುಕ ಸ್ವಭಾವ. ಮನೆಯಲ್ಲಿ ಅನ್ನಕ್ಕೆ ಕೂತಾಗಲೂ ಯಾವುದನ್ನು ಮುಚ್ಚದೆ ಬಂದೆನೋ ಎಂದು ಒದ್ದಾಡುತ್ತಿದ್ದಳು.

ಆ ಚಳಿಗಾಲ ಒಮಾನಿನ ಈ ಬೆಟ್ಟದೂರಿಗೆ ಹೊಸ ರಸ್ತೆಯೊಂದು ಬರುವುದಿತ್ತು. ಅದರ ಕರಡು ನಕ್ಷೆಯನ್ನು ರಸ್ತೆ ಸಮಿತಿಗೆ ತೆರೆಯುವ ಬದಲು ಝುವೈನಾ ಕೈತಪ್ಪಿ ಎಲ್ಲ ನೌಕರರಿಗೂ ತೆರೆದುಬಿಟ್ಟಳು. ಕಣ್ಣಿಗೆ ಬಿದ್ದು ಮುಚ್ಚುವಷ್ಟರಲ್ಲಿ ಯಾರೋ ಅದನ್ನು ಮುದ್ರಿಸಿಕೊಂಡಾಗಿತ್ತು.

ಆ ಹಾಳೆ ಹಿಡಿದು ಅವಳ ಮನೆಗೆ ಬಂದವರು ಚಿಕ್ಕಪ್ಪ ಹಮೂದ್. ನಕ್ಷೆಯಲ್ಲಿ ರಸ್ತೆಯ ಗೆರೆ ಅವರ ಖರ್ಜೂರದ ತೋಟವನ್ನು ಸೀಳಿಕೊಂಡು ಹೋಗಿತ್ತು. ಕೊಟ್ಟ ಕಾಫಿಯನ್ನು ಅವರು ಮುಟ್ಟಲಿಲ್ಲ.

"ಇದು ನಿಮ್ಮಾಫೀಸಿಂದು ತಾನೆ?"

"ಹೌದು ಚಿಕ್ಕಪ್ಪ. ಆದ್ರೆ ಬರೀ ಕರಡು. ಸಹಿ ಆಗಿಲ್ಲ."

"ಸಹಿ ಹಾಕೋಕೆ ಎಷ್ಟೊತ್ತು ಬೇಕು? ಶುಕ್ರವಾರ ಆಳುಗಳು ಬರ್ತಾರೆ. ಎಳೇ ಗಿಡಗಳನ್ನಾದ್ರೂ ಕಿತ್ತು ತಂಗಿ ತೋಟಕ್ಕೆ ಸಾಗಿಸ್ತೀನಿ."

"ಈ ಚಳೀಲಿ ಕಿತ್ರೆ ಬದುಕಲ್ಲ."

"ಹಾಗಾದ್ರೆ ನನ್ ತೋಟಕ್ಕೆ ರಸ್ತೆ ಬರಲ್ಲ ಅಂತ ಹೇಳು ಮಗಳೇ. ಅಷ್ಟೇ ಸಾಕು."

ಆ ಮಧ್ಯಾಹ್ನವಷ್ಟೇ ಝುವೈನಾಳ ಕೈಗೆ ಬಂದಿದ್ದ ಹೊಸ ಕರಡಿನಲ್ಲಿ ಗೆರೆ ಒಣಹೊಳೆಯ ಆಚೆ ದಡಕ್ಕೆ ಸರಿದಿತ್ತು. ಅಲ್ಲಿರುವುದು ವಿಧವೆ ಶಮ್ಸಾಳ ತೋಟ. ಈಗ ಬಾಯಿಬಿಟ್ಟರೆ ಸುದ್ದಿ ಶಮ್ಸಾಳ ಮನೆ ಮುಟ್ಟಲು ಹೊತ್ತು ಬೇಕಿಲ್ಲ. ನಾಳೆ ಆ ಗೆರೆ ಮತ್ತೆ ಈಚೆಗೆ ಬಂದರೆ?

"ಹೇಳಕ್ಕಾಗಲ್ಲ ಚಿಕ್ಕಪ್ಪ. ಕೀಳ್ಬೇಡಿ ಅಂತ ಮಾತ್ರ ಬೇಡ್ಕೋತೀನಿ."

"ಸರ್ಕಾರದ ಗುಟ್ಟು ಕಾಯೋಕೆ ನಮ್ಮನೇಲೇ ಒಬ್ಬಳನ್ನ ಸಾಕಿದ್ವಿ ನೋಡು," ಎಂದು ಹಮೂದ್ ಎದ್ದು ನಡೆದರು.

ಮರುದಿನ ಅವಳು ಮೇಲಧಿಕಾರಿ ಖಲ್ಫಾನರ ಮುಂದೆ ನಿಂತು ತಪ್ಪೊಪ್ಪಿಕೊಂಡಳು. "ಜನರ ಕೈಲಿರೋ ನಕ್ಷೆ ಹಳೇದು ಅಂತ ಪ್ರಕಟಣೆ ಹಾಕೋಣ ಸರ್."

"ಹೊಸದು ಎಲ್ಲಿ ಅಂತ ಕೇಳ್ತಾರಲ್ಲಮ್ಮ. ಆಗ?"

ಕೊನೆಗೆ, ರಸ್ತೆ ಇನ್ನೂ ತೀರ್ಮಾನವಾಗಿಲ್ಲ ಎಂಬ ಒಂದು ಸಾಲು ಪುರಸಭೆಯ ಬಾಗಿಲಲ್ಲಿ ತೂಗಿತು. ಯಾರೂ ನಂಬಲಿಲ್ಲ. ಕರಡುಗಳ ಕೆಲಸವನ್ನು ಝುವೈನಾಳ ಕೈಯಿಂದ ಕೆಲವು ತಿಂಗಳ ಮಟ್ಟಿಗೆ ಕಿತ್ತುಕೊಂಡರು.

ಶುಕ್ರವಾರ ಹಮೂದ್ ಗಿಡಗಳನ್ನು ಕೀಳಿಸಿಯೇ ಬಿಟ್ಟರು. ಝುವೈನಾ ತೋಟದ ಮಣ್ಣುಗೋಡೆಯ ಹೊರಗೆ ನಿಂತು ಹಾರೆಯ ಸದ್ದು ಕೇಳಿದಳು. ಒಳಗೆ ಹೋಗುವ ಧೈರ್ಯ ಬರಲಿಲ್ಲ. ಸಾಗಿಸಿದ ಗಿಡಗಳಲ್ಲಿ ಬಹುಪಾಲು ಚಿಗುರಲೇ ಇಲ್ಲ.

ಬೇಸಿಗೆಗೆ ಮೊದಲು ನಕ್ಷೆಗೆ ಸಹಿ ಬಿತ್ತು. ರಸ್ತೆ ಹಮೂದರ ಗೋಡೆಯ ಒಂದು ಮೂಲೆಯನ್ನಷ್ಟೇ ತಿಂದು ಹೊಳೆಯಂಚಿನಲ್ಲೇ ಸಾಗಿತ್ತು. ಶಮ್ಸಾಳ ತೋಟವೂ ಉಳಿಯಿತು. ನಡುವೆ ತನ್ನ ತೋಟದ ಮೇಲೊಂದು ಗೆರೆ ಎಳೆದಿದ್ದರೆಂದು ಆಕೆಗೆ ಗೊತ್ತೇ ಆಗಲಿಲ್ಲ.

ಹಬ್ಬದ ದಿನ ಝುವೈನಾ ಹೆದರುತ್ತಲೇ ಚಿಕ್ಕಪ್ಪನ ಮನೆಗೆ ಹೋದಳು. ಹಮೂದ್ ಹಲ್ವಾದ ತಟ್ಟೆಯನ್ನು ಅವಳತ್ತ ಸರಿಸಿದರು.

"ನಿನ್ ಮೇಲೆ ಕೋಪ ಇಲ್ಲ. ಆದ್ರೆ ನಿಮ್ಮಾಫೀಸಲ್ಲಿ ಈಗ ಏನು ಬರೀತಿದಾರೋ ಅಂತ ನಿದ್ದೇನೇ ಬರಲ್ಲ ಮಗಳೇ."

"ನನಗೂ ಬರಲ್ಲ ಚಿಕ್ಕಪ್ಪ," ಎಂದಳು ಅವಳು.